ಚೇಂಜ್ ಮೀಟಿಂಗಿನ ಮೌನಭೇದ ಪ್ರಕರಣ

ಅಲಂಕಾರಗಳನ್ನೂ ನಾಯಿಕಾಭೇದಗಳನ್ನೂ ನಮ್ಮ ಪಂಡಿತರು ಎಣಿಸಿ ಮುಗಿಸಿದ್ದಾರೆ. ಚೇಂಜ್ ಅಡ್ವೈಸರಿ ಬೋರ್ಡಿನಲ್ಲಿ ‘ಎನಿ ಅಬ್ಜೆಕ್ಷನ್ಸ್?’ ಎಂದು ಕೇಳಿದೊಡನೆ ಕವಿಯುವ ಮೌನವನ್ನು ಮಾತ್ರ ಯಾರೂ ವಿಂಗಡಿಸಿಲ್ಲ. ಐಟಿ, ಬಿಸಿನೆಸ್, ಸೆಕ್ಯುರಿಟಿ, ಆಡಿಟ್ ವಿಭಾಗದವರೆಲ್ಲ ಕೂಡಿ, ಪ್ರೊಡಕ್ಷನ್ನಿಗೆ ಯಾವ ಬದಲಾವಣೆ ಹೋಗಬಹುದೆಂದು ತೀರ್ಮಾನಿಸುವ ಸಭೆ ಇದು. ಇದರ ಸ್ಮೃತಿಗ್ರಂಥ ಐಟಿಐಎಲ್. 1980ರ ದಶಕದ ಕೊನೆಗೆ ಬ್ರಿಟಿಷ್ ಸರ್ಕಾರದ ಆಶ್ರಯದಲ್ಲಿ ಹುಟ್ಟಿದ್ದು.

ಮೊದಲನೆಯದು ಮ್ಯೂಟ್‌ಮೌನ. ‘ಸಾರಿ, ಇನ್ನೊಂದು ಕಾಲ್‌ನಲ್ಲಿದ್ದೆ’ ಎಂಬುದೇ ಅದರ ಲಕ್ಷಣ. ಇದಕ್ಕೆ ಭಾಷ್ಯ ಬೇಕಿಲ್ಲ.

ಎರಡನೆಯದು ಲಜ್ಜಾಮೌನ, ಉಭಯಪಕ್ಷೀಯ. ಫೇಲ್‌ಓವರ್ ಎಂದರೇನು ಎಂದು ಕೇಳಲು ಬಿಸಿನೆಸ್‌ನವರಿಗೆ ನಾಚಿಕೆ. ತಿಂಗಳ ಲೆಕ್ಕ ಮುಚ್ಚುವುದು ಯಾವತ್ತು ಎಂದು ಕೇಳಲು ಐಟಿಯವರಿಗೆ ನಾಚಿಕೆ. ಇಬ್ಬರೂ ತಲೆಯಾಡಿಸುತ್ತಾರೆ. 31ನೇ ತಾರೀಖು ರಾತ್ರಿ ಹನ್ನೊಂದಕ್ಕೆ ಮಾಡಬೇಕೆಂಬ ಡೇಟಾಬೇಸ್ ಅಪ್‌ಗ್ರೇಡ್ ಅವಿರೋಧವಾಗಿ ಪಾಸಾಗುತ್ತದೆ. ಹನ್ನೊಂದೂ ಕಾಲಿಗೆ ಅಕೌಂಟ್ಸಿನವರ ಇನ್‌ವಾಯ್ಸ್ ಪರದೆ ಬೆಳ್ಳಗಾಗುತ್ತದೆ. ಆಗ ಸಭೆಯ ಮಿನಿಟ್ಸ್ ತೆರೆದರೆ ಎಲ್ಲರ ಹೆಸರಿನ ಮುಂದೆಯೂ ‘ಅಪ್ರೂವ್ಡ್’! ದೋಷ ಯಾರದೂ ಅಲ್ಲವೆಂದು ಸಾಬೀತು ಮಾಡುವುದರಲ್ಲಿ ಈ ದಾಖಲೆಗೆ ಸಾಟಿಯಿಲ್ಲ.

ಮೂರನೆಯದು ಜ್ಞಾನಿಯ ಮೌನ. ಗೊತ್ತಿದ್ದವನು ಮೂಲೆಯಲ್ಲಿ ಕೂತಿರುವ ಕಿರಿಯ ಇಂಜಿನಿಯರ್, ಅವನನ್ನು ಕೇಳಿದವರಿಲ್ಲ. ನನ್ನನ್ನು ಕೇಳಿದರೆ, ಅವನ ಹೆಸರು ಹಿಡಿದು ಕೇಳದ ಸಭೆಗೆ ಕೋರಮ್ಮೇ ಇಲ್ಲ.

ಇಲ್ಲೊಂದು ಪೂರ್ವಪಕ್ಷ: ಯಾರೂ ಓದದ ಇ-ಮೇಲ್ ಮಾತೋ, ಮೌನವೋ? 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆಯ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಎರಡನೆಯವರು ಪರೀಕ್ಷಿಸಬೇಕೆಂಬ ನಿಯಮವೂ ಇರಲಿಲ್ಲ. ಮಾರುಕಟ್ಟೆ ತೆರೆಯುವ ಮೊದಲೇ ಯಂತ್ರ 97 ಇ-ಮೇಲ್ ಕಳಿಸಿ ದೋಷದ ಸುಳಿವು ಕೊಟ್ಟಿತ್ತು. ಯಾರೂ ಅವುಗಳ ಮೇಲೆ ಕ್ರಮ ಕೈಗೊಳ್ಳಲಿಲ್ಲ. ಹಳೆಯ ಕೋಡ್ ಎದ್ದು ಮನಸೋ ಇಚ್ಛೆ ಷೇರು ವ್ಯಾಪಾರ ನಡೆಸಿತು; 45 ನಿಮಿಷದ ಅವಾಂತರಕ್ಕೆ 46 ಕೋಟಿ ಡಾಲರಿಗೂ ಮೀರಿದ ನಷ್ಟ. ಕಳಿಸಿದ್ದರಿಂದ ಅದು ಮಾತೇ ಎಂದು ತಾರ್ಕಿಕರು ವಾದಿಸಬಹುದು. ಆ ಮೇಲ್‌ಗಳನ್ನು ಎಚ್ಚರಿಕೆಯೆಂದು ರೂಪಿಸಿಯೇ ಇರಲಿಲ್ಲ, ಸಿಬ್ಬಂದಿ ಸಾಮಾನ್ಯವಾಗಿ ಅವನ್ನು ನೋಡುತ್ತಲೂ ಇರಲಿಲ್ಲ ಎಂಬುದು ಅಲ್ಲಿನ ಷೇರು ನಿಯಂತ್ರಕರ 2013ರ ಆದೇಶದಲ್ಲಿದೆ. ಹಾಗಾಗಿ ಮೌನವೆಂದೇ ಸಿದ್ಧಾಂತ, ಪ್ರಾಯಶ್ಚಿತ್ತ 1.2 ಕೋಟಿ ಡಾಲರ್ ದಂಡ.

ಎಮರ್ಜೆನ್ಸಿ ಚೇಂಜ್ ಈ ಪ್ರಕರಣದ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಎಷ್ಟೋ ಕಡೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎತ್ತಿದ ಒಂದು ಹೆಬ್ಬೆರಳು ಸಾಕು. ಅದನ್ನು ಹಸ್ತಮುದ್ರೆಗಳ ಅಧ್ಯಾಯದಲ್ಲಿ ವಿಚಾರಿಸಬೇಕು.