ಗ್ರೆನಾಶ್ ಭಾವ

ಬ್ರಿಟನ್ನಿನಲ್ಲಿ ನಾಲ್ಕು ಕನ್ನಡ ಮನೆಗಳಿರುವ ಯಾವ ಊರಿಗೆ ಹೋದರೂ ಇಂಥ ಒಬ್ಬ ಭಾವ ಸಿಕ್ಕೇ ಸಿಗುತ್ತಾರೆ. ವಯಸ್ಸು ಐವತ್ತರ ಆಚೀಚೆ, ಮನೆಸಾಲ ತೀರುತ್ತಾ ಬಂದಿದೆ, ಬಿಯರ್ ಬಿಡಿ ಅಂತ ಡಾಕ್ಟರು ಹೇಳಿಯಾಗಿದೆ. ನಮ್ಮ ಪಾಲಿಗೆ ಬಂದವರು ಅಕ್ಕನ ಗಂಡ. ಸೂಪರ್‌ಮಾರ್ಕೆಟ್ಟಿನ ವೈನ್ ಸಾಲಿನಲ್ಲಿ ಮಂಡಿಯೂರಿ ಕೂತು, ಮೊಬೈಲ್ ಟಾರ್ಚ್ ಹಾಕಿ, ತೀರಾ ಕೆಳಗಿನ ಬಾಟಲಿಯ ಬೆನ್ನು ಓದುತ್ತಿರುವ ಗಂಡಸು ಕಂಡರೆ ಅವರೇ. ಮುಂದಿನ ಚೀಟಿಯನ್ನು ಅವರು ನೋಡುವುದೂ ಇಲ್ಲ. ‘ಮುಂದಿರೋದು ಲಗ್ನಪತ್ರಿಕೆ ಕಣಯ್ಯ, ಜಾತಕ ಹಿಂದಿರುತ್ತೆ.’

ಅವರು ಹುಡುಕುವ ಜಾತಕ ಒಂದೇ: ಗ್ರೆನಾಶ್. ವೈನ್ ಶುರು ಮಾಡಿದ ಹೊಸತರಲ್ಲಿ ಯಾರೋ ಕುಡಿಸಿದ ಕ್ಯಾಬರ್ನೆ ಬಾಯೆಲ್ಲ ಒಗರು ಮಾಡಿತ್ತು. ಗ್ರೆನಾಶ್ ದ್ರಾಕ್ಷಿಯ ಸಿಪ್ಪೆ ತೆಳು. ಬಣ್ಣ ಕಡಿಮೆ, ಒಗರೂ ಕಡಿಮೆ. ಸ್ಟ್ರಾಬೆರಿಯ ಸಿಹಿವಾಸನೆ, ಹಿಂದೆಯೇ ಸಣ್ಣಗೆ ಬಿಳಿಮೆಣಸಿನ ಘಮ. ‘ನಮ್ಮ ಸಾರಿನಪುಡಿ ಜನ ಕುಡಿಯಬೇಕಾದ್ದು ಇದನ್ನೇ’ ಎಂದು ಭಾವ ತೀರ್ಮಾನಿಸಿದರು. ಅಕ್ಕನ ಬದನೆಕಾಯಿ ಎಣ್ಣೆಗಾಯಿ ಜೊತೆ ಬಡಿಸಿಯೂ ಬಿಟ್ಟರು. ಬಿಸಿಲಲ್ಲಿ ನಿಧಾನವಾಗಿ ಹಣ್ಣಾಗುವ ಈ ದ್ರಾಕ್ಷಿಯಲ್ಲಿ ಸಕ್ಕರೆ ಜಾಸ್ತಿ. ಹಾಗಾಗಿ ಮದ್ಯಸಾರ ಶೇಕಡಾ 14, 15ಕ್ಕೆ ಏರುತ್ತದೆ, ಮೆಣಸಿನಕಾಯಿಯ ಉರಿಯನ್ನು ಇಮ್ಮಡಿ ಮಾಡುತ್ತದೆ. ನೆಂಟರು ಕಣ್ಣೊರೆಸಿಕೊಂಡು ಮೊಸರನ್ನಕ್ಕೆ ಓಡಿದರು. ಅಂದಿನಿಂದ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವ ನೇಮ ಬಂತು. ಸೆಕೆಯ ಕೋಣೆಯಲ್ಲಿಟ್ಟರೆ ಬರೀ ಸ್ಪಿರಿಟ್ಟಿನ ವಾಸನೆ, 16 ಡಿಗ್ರಿಯ ಸುತ್ತಮುತ್ತ ಇದ್ದರೆ ಹಣ್ಣಿನ ಪರಿಮಳ. ಇದು ಸರಿಯಾದ ಮಾತೇ. ಆದರೆ ದೋಸೆಹಿಟ್ಟಿನ ಡಬ್ಬಿ ಎಲ್ಲಿಡಬೇಕು ಎಂಬ ಅಕ್ಕನ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ.

ಭಾವನ ನಿಜವಾದ ರುಚಿ ನಾಲಗೆಯಲ್ಲಿಲ್ಲ, ಲೆಕ್ಕದಲ್ಲಿದೆ. ಬ್ರಿಟನ್ನಿನಲ್ಲಿ ಈಗ ವೈನ್ ತೆರಿಗೆ ಮದ್ಯಸಾರದ ಪ್ರಮಾಣಕ್ಕೆ ತಕ್ಕಂತೆ. 14.5 ಇದ್ದರೆ ಬಾಟಲಿಗೆ 3 ಪೌಂಡ್ ಮೀರುತ್ತದೆ, ಅದರ ಮೇಲೆ ಶೇಕಡಾ 20 ವ್ಯಾಟ್. ಬಂದವರನ್ನೆಲ್ಲ ಕೂರಿಸಿ ಪಾಠ ಮಾಡುತ್ತಾರೆ: ‘7 ಪೌಂಡಿನ ಬಾಟಲಿ ತಗೊ. ನಾಲ್ಕೂ ಚಿಲ್ಲರೆ ಸರ್ಕಾರಕ್ಕೆ. ಮಿಕ್ಕ ಎರಡೂವರೆಯಲ್ಲಿ ಗಾಜು, ಬೂಚು, ಲಾರಿ ಬಾಡಿಗೆ, ಅಂಗಡಿಯವನ ಲಾಭ ಎಲ್ಲ ಕಳೆದು ಏನಾದರೂ ಉಳಿದರೆ ದ್ರಾಕ್ಷಿ. ಅದೇ 12 ಪೌಂಡಿಗೆ ಹೋಗು, ತೆರಿಗೆ ಕಳೆದು ಆರೂವರೆ ಉಳಿಯುತ್ತೆ. ಈಗ ಹೇಳು, ಯಾವುದು ಅಗ್ಗ?’ ಲೆಕ್ಕದಲ್ಲಿ ತಪ್ಪಿಲ್ಲ. ಐದು ಪೌಂಡ್ ಹೆಚ್ಚು ಖರ್ಚು ಮಾಡಿ ಉಳಿತಾಯ ಮಾಡಿದ ಖುಷಿಯಲ್ಲಿ ಮನೆಗೆ ಬರುವ ಗಂಡನಿಗೆ ಏನು ಹೇಳಬೇಕೆಂದು ಅಕ್ಕನಿಗೆ ಇನ್ನೂ ಹೊಳೆದಿಲ್ಲ.

ಹೊಸಬರಿಗೆ ಅವರ ಉಪದೇಶ ಚಿಕ್ಕದು: ಹೆಸರಾದ ಊರನ್ನು ಬಿಟ್ಟು ಪಕ್ಕದ ಊರು ಹಿಡಿ. ಸ್ಪೇನಿನಲ್ಲಿ ಪ್ರಿಯೊರಾತ್ ಬೇಡ, ಅರಗಾನ್ ಕಡೆಯ ಕಾಂಪೊ ದೆ ಬೊರ್ಹಾ, ಕಲತಾಯುದ್ ನೋಡು. ಅಲ್ಲಿ ಇದೇ ಹಣ್ಣಿಗೆ ಗಾರ್ನಾಚಾ ಅಂತಾರೆ, ಹಳೇ ಬಳ್ಳಿ, ಬಡಪಾಯಿ ಬೆಲೆ. ಫ್ರಾನ್ಸಿನಲ್ಲಿ ಶಾತೊನಫ್-ದ್ಯು-ಪಾಪ್‌ಗೆ ಕೈಮುಗಿದು ಮುಂದೆ ಹೋಗು, ರಾಸ್ತೊ, ಕೆರಾನ್, ವಾಕೆರಾಸ್ ಸಿಗುತ್ತವೆ.

ಕಳೆದ ಬೇಸಿಗೆ ಈ ಉಪದೇಶವನ್ನು ಅವರೇ ಪಾಲಿಸಿದರು, ನಮ್ಮಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು. ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಹೇಳಿದ್ದು, 1309ರಲ್ಲಿ ಪೋಪ್ ಈಗಿನ ಫ್ರಾನ್ಸಿನ ಅವಿನ್ಯೋನಿಗೆ ಬಂದ ಮೇಲೆ ಅಲ್ಲಿ ಕಟ್ಟಿದ ಅರಮನೆ ತೋರಿಸುತ್ತೇನೆ ಅಂತ. ಹೇಳದೇ ಇದ್ದದ್ದು, ಬ್ರಿಟನ್ನಿಗೆ ಮರಳುವ ವಯಸ್ಕರು ತಲೆಗೆ 18 ಲೀಟರ್ ವೈನ್ ತೆರಿಗೆಯಿಲ್ಲದೆ ತರಬಹುದು ಅಂತ. ಅಂದರೆ 24 ಬಾಟಲಿ. ಮಕ್ಕಳಿಗೆ ಆ ಭಾಗ್ಯವಿಲ್ಲ, ಕಾಫಿಗಿಂತ ಗಟ್ಟಿಯಾದದ್ದನ್ನು ಮುಟ್ಟದ ಅತ್ತೆಗೆ ಇದೆ.

ಅರಮನೆ ನೋಡಿಯಾದ ಮೇಲೆ ಕಾರು ಶಾತೊನಫ್‌ಗೆ ಹೊರಟಿತು. ಅಲ್ಲಿನ ತೋಟದ ತುಂಬ ಕೋಸಂಬರಿ ಬಟ್ಟಲಿನಷ್ಟು ದೊಡ್ಡ ಗುಂಡುಕಲ್ಲು. ಹಗಲು ಕಾದು ರಾತ್ರಿ ಬಳ್ಳಿಗೆ ಶಾಖ ಕೊಡುತ್ತವೆ ಎಂದು ಭಾವ ವಿವರಿಸಿದರು. ಈ ಊರಿನ ತೋಟಗಳಲ್ಲಿ ಹಾರುವ ತಟ್ಟೆಗಳು ಇಳಿಯಬಾರದು ಎಂದು 1954ರಲ್ಲಿ ಇಲ್ಲಿನ ಮೇಯರ್ ಆದೇಶ ಹೊರಡಿಸಿದ್ದರು ಎಂದೂ ಹೇಳಿದರು. ಇದು ನಿಜ. ‘ಇಳಿದರೆ ದಂಡ ಎಷ್ಟು?’ ಎಂದರು ಅಮ್ಮ. ಗಣಿತದ ಮೇಡಂ ಆಗಿ ರಿಟೈರ್ ಆದವರು.

ಫೋಟೋ ಅಲ್ಲಿ ತೆಗೆಸಿಕೊಂಡು, ಖರೀದಿಗೆ ಪಕ್ಕದ ಹಳ್ಳಿಯ ರೈತರ ಸಹಕಾರ ಸಂಘಕ್ಕೆ ಹೋದರು. ಅಲ್ಲಿ ಬಾಟಲಿ ಬೇಡವೆಂದವರಿಗೆ ಪಂಪಿನಿಂದ, ಪೆಟ್ರೋಲ್ ಬಂಕಿನ ಥರದ ಪೈಪ್ ಹಿಡಿದು, ಲೀಟರ್ ಲೆಕ್ಕದಲ್ಲಿ ಕ್ಯಾನಿಗೆ ಬಿಡುತ್ತಾರೆ. ಅಮ್ಮ ಚೀಲ ಹಿಡಿದು ಸೀದಾ ಕ್ಯೂನಲ್ಲಿ ನಿಂತರಂತೆ, ಅಭ್ಯಾಸಬಲ.

ವಾಪಸು ಬರುವಾಗ ಹಡಗಿನಲ್ಲಿ ಅಮ್ಮ ಕೇಳಿದರು: ‘ಅಲ್ಲ, ನನ್ನ ಪಾಲಿನಿಂದ ನಿಮಗೆ ಎಷ್ಟು ತೆರಿಗೆ ಉಳೀತು?’

ಭಾವ ಎದೆಯುಬ್ಬಿಸಿದರು. ‘70 ಪೌಂಡ್ ಮೇಲೇ ಆಯ್ತು ಅತ್ತೆ!’

‘ಫ್ರಾನ್ಸಿಗೆ ಬರೋಕೆ ನನ್ನ ಶೆಂಗೆನ್ ವೀಸಾಗೆ ಕಟ್ಟಿದ್ದು?’

‘90 ಯೂರೊ.’

ಅಮ್ಮ ಬೆರಳು ಮಡಚಿ ಯೂರೊವನ್ನು ಪೌಂಡ್ ಮಾಡತೊಡಗಿದ್ದು ಕಂಡು ಭಾವ ಅವಸರವಾಗಿ ಹೇಳಿದರು: ‘ಅದು ಯಾತ್ರೆ ಖಾತೆ, ಅತ್ತೆ. ಇದಕ್ಕೆ ಸೇರಿಸಬಾರದು.’