ಗಂಟೆ ಲೆಕ್ಕದ ರಸ್ತೆ

ಬೆಂಗಳೂರಿನಲ್ಲಿ ರಸ್ತೆಯೂ ಬಾಡಿಗೆಗೆ ಸಿಗುತ್ತದೆ. ವರ್ಷಕ್ಕೊಂದು ಭಾನುವಾರ, ಅದೂ ಬೆಳಗಿನ ಕೆಲವು ತಾಸು. ದುಡ್ಡು ಕಟ್ಟಿದವರಿಗೆ ಎದೆಗೆ ಚುಚ್ಚಿಕೊಳ್ಳಲು ಬಿಬ್, ಓಟದ ವೇಳೆ ಎಣಿಸಲು ಚಿಪ್. 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟವನ್ನು ಆರೋಗ್ಯದ ಹಬ್ಬ ಎನ್ನುತ್ತಾರೆ. ನಮ್ಮ ತೆರಿಗೆಯ ಡಾಂಬರಿನ ಮೇಲೆ ಕಾಲಿಡಲು ನಾವೇ ಬಾಡಿಗೆ ಕೊಡುವ ಹಬ್ಬ ಅದು. ಪುಣ್ಯಕ್ಕೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದಿಲ್ಲ.

ಆ ದಿನದ ಮರ್ಯಾದೆಯೇ ಬೇರೆ. ಮಿಕ್ಕ ಭಾನುವಾರ ಏಳರವರೆಗೂ ಮಲಗುವ ಮೆಟ್ರೊ ಓಟಗಾರರಿಗಾಗಿ ನಸುಕಿಗೇ ಕಣ್ಣುಜ್ಜಿಕೊಂಡು ಹೊರಡುತ್ತದೆ. ಉಳಿದ ವಾರಗಳಲ್ಲಿ ರಾತ್ರಿ ಪಾಳಿ ಮುಗಿಸಿದ ನರ್ಸಮ್ಮ, ಕೆ.ಆರ್. ಮಾರ್ಕೆಟ್ಟಿಗೆ ಹೂ ತರಲು ಹೊರಟಾಕೆ ನಿಲ್ದಾಣದ ಬಾಗಿಲಲ್ಲಿ ಕಾಯಲಿ. ಪಾಪ, ಅವರ ಹತ್ತಿರ ಬಿಬ್ ಇಲ್ಲವಲ್ಲ!

ಓಟ ಶುರುವಾದ ಎಷ್ಟೋ ಹೊತ್ತಿನ ಮೇಲೆ ಹಿಂದಿನವರು ಹೊರಡುವ ಗೆರೆ ಮುಟ್ಟುತ್ತಾರೆ. ಊರಿನ ಟ್ರಾಫಿಕ್ಕೇ ಶೂ ಹಾಕಿಕೊಂಡು ಬಂದಂತಿರುತ್ತದೆ. ಹಾರ್ನ್ ಇಲ್ಲ ಅಷ್ಟೆ, ಅದರ ಬದಲು "ಸೈಡ್, ಸೈಡ್!" ಹಲಸೂರು ಕೆರೆಯ ಹತ್ತಿರ ನಾಲ್ವರು ರಸ್ತೆಗೆ ಅಡ್ಡಲಾಗಿ ನಿಂತು ಸೆಲ್ಫಿ ತೆಗೆಯುತ್ತಾರೆ. ಮುಖ ಕೆಂಪಾದ ಯಜಮಾನರೊಬ್ಬರಿಗೆ ಸ್ವಯಂಸೇವಕ ಹುಡುಗ ಕೂಗುತ್ತಾನೆ: "ಅಂಕಲ್, ಇನ್ನೊಂದೇ ಕಿಲೋಮೀಟರ್!" ಒಂದು ಕಿಲೋಮೀಟರ್ ಆದ ಮೇಲೆ ಇನ್ನೊಬ್ಬಳು ಹುಡುಗಿಯದೂ ಅದೇ ಮಾತು. "ಇಲ್ಲೇ ಪಕ್ಕದಲ್ಲೇ ಸಾರ್" ಎಂದು ಸೈಟ್ ತೋರಿಸುವ ಬ್ರೋಕರುಗಳ ಊರಲ್ಲವೇ ಇದು.

ಮುಂದೆ ಓಡುವವರದು ಬೇರೆ ಲೋಕ. 2022ರಲ್ಲಿ ಕೀನ್ಯಾದ ನಿಕೊಲಸ್ ಕಿಮೆಲಿ ಇಲ್ಲಿ 10 ಕಿ.ಮೀ.ಯನ್ನು 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದರು. ಅದೇ ವರ್ಷ ಟಾಮ್‌ಟಾಮ್ ಕಂಪನಿ ಹಾಕಿದ ಲೆಕ್ಕದಲ್ಲಿ, ನಗರದ ನಡುಭಾಗದಲ್ಲಿ ಅಷ್ಟೇ ದೂರಕ್ಕೆ ಕಾರು ತೆಗೆದುಕೊಂಡ ಸರಾಸರಿ ವೇಳೆ 29 ನಿಮಿಷ 10 ಸೆಕೆಂಡು. ಪೆಟ್ರೋಲು ಕುಡಿಯದವರೇ ಗೆದ್ದರು. 2024ರಲ್ಲಿ ಕಾರಿನ ಸರಾಸರಿ 34 ನಿಮಿಷ ದಾಟಿತು. ಕಿಮೆಲಿ ಇರಲಿ, 2022ರ ಮಹಿಳೆಯರ ಓಟವನ್ನು 30 ನಿಮಿಷ 35 ಸೆಕೆಂಡಿನಲ್ಲಿ ಓಡಿದ ಐರೀನ್ ಚೆಪ್ಟಾಯ್ ಅವರ ಬೆನ್ನೂ ಅದಕ್ಕೆ ಕಾಣದು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ತೋಡಲು ಹೊರಟವರು ಊರಿಗೆಲ್ಲ ಒಂದೊಂದು ಜೊತೆ ಶೂ ಕೊಡಿಸಿದರೆ ಸಾವಿರಾರು ಕೋಟಿ ಉಳಿದೀತು. ಆದರೆ ಶೂ ಟೆಂಡರಿನಲ್ಲಿ ಅಷ್ಟು ಆಳ ಎಲ್ಲಿ?

ಇನ್ನು ನಮ್ಮಂಥವರು ಕುಂಟುತ್ತ ಮುಗಿಸಿ, ಮೆಡಲ್ ಕಚ್ಚಿ ಫೋಟೊ ತೆಗೆಸಿ, ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿ, ಓಡಿ ಕರಗಿಸಿದ್ದನ್ನೆಲ್ಲ ಬೆಣ್ಣೆ ಮಸಾಲೆಯಲ್ಲಿ ವಾಪಸ್ ಪಡೆಯಲು ಹೊರಡುತ್ತೇವೆ. ಅಷ್ಟರಲ್ಲಿ ಬ್ಯಾರಿಕೇಡ್ ಎತ್ತಿರುತ್ತಾರೆ. ಹೋಟೆಲು ಎದುರು ಬದಿಯಲ್ಲಿ. ಬೆಳಿಗ್ಗೆ ಚಪ್ಪಾಳೆ ತಟ್ಟಿದ್ದ ಪೊಲೀಸಪ್ಪನೇ ಈಗ, "ಏನ್ರೀ, ಸಾಯೋಕೆ ನನ್ ಡ್ಯೂಟೀನೇ ಬೇಕಿತ್ತಾ? ಹಿಂದಕ್ ಹೋಗ್ರಿ!" ಎನ್ನುತ್ತಾನೆ. ಹಿಂದಕ್ಕೆ ಸರಿದರೆ ಫುಟ್‌ಪಾತಿನ ಮೇಲೆ ಸ್ಕೂಟರು. ಚಿಪ್ ಇನ್ನೂ ಎಣಿಸುತ್ತಿದ್ದರೆ ಆ ರಸ್ತೆ ದಾಟಿದ ಟೈಮಿಂಗ್ ಮಾತ್ರ ಯಾರಿಗೂ ತೋರಿಸುವಂತಿರಲಿಲ್ಲ.