ಇಪ್ಪತ್ನಾಲ್ಕು ಎಕ್ಸ್

ಬಸವನಗುಡಿಯ ಹಳೆಯ ಮನೆಗಳಲ್ಲಿ ಅಟ್ಟ ಸೇರಿದ ಸಾಮಾನು ಮತ್ತೆ ನೆಲ ಕಾಣುವುದು ಮನೆಯನ್ನು ಬಿಲ್ಡರ್ ಕೈಗೆ ಕೊಟ್ಟಾಗ ಮಾತ್ರ. ಎನ್.ಆರ್. ಕಾಲೊನಿಯಲ್ಲಿ ನಮ್ಮ ಮನೆಗೂ ಆ ಯೋಗ ಕೂಡಿಬಂತು. ಹಿತ್ತಾಳೆ ಹಂಡೆ, ದಸರಾ ಬೊಂಬೆಯ ಪೆಟ್ಟಿಗೆ, ಬತ್ತಿಯಿಲ್ಲದ ಸೀಮೆಎಣ್ಣೆ ಸ್ಟೌವ್ ಎಲ್ಲವೂ ಸರತಿಯಲ್ಲಿ ಇಳಿದವು. ಹಂಡೆ ಯಾರಿಗೆ ಎಂಬ ವಿಷಯದಲ್ಲಿ ಇಬ್ಬರು ಅತ್ತೆಯಂದಿರು ಮಾತು ಬಿಟ್ಟರು. ಹಳೆಯ ಬಿಸ್ಕತ್ತಿನ ಡಬ್ಬದ ತುಂಬ ಇದ್ದ ಸಿಡಿಗಳನ್ನು ಮಾತ್ರ ಯಾರೂ ಬೇಡಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ಎಂಬ ಅಪಖ್ಯಾತಿ ಇರುವುದರಿಂದ ಅದು ಸರ್ವಾನುಮತದಿಂದ ನನ್ನ ಪಾಲಾಯಿತು. ಎಸೆಯಲು ಹೊರಟರೆ ಅಮ್ಮ ಬಾಗಿಲಿಗೆ ಅಡ್ಡ ನಿಂತರು.

“ಅದರಲ್ಲಿ ನಿಮ್ಮಕ್ಕನ ಮದುವೆ ಇದೆ ಕಣೋ. ಒಂದು ಸಲ ಹಾಕಿ ತೋರಿಸು, ಆಮೇಲೆ ಏನಾದ್ರೂ ಮಾಡ್ಕೋ.”

ಹಾಕುವುದೆಲ್ಲಿಗೆ? ಈಗಿನ ಲ್ಯಾಪ್‌ಟಾಪ್‌ಗಳಿಗೆ ಸಿಡಿ ಬಾಯಿಯೇ ಇಲ್ಲ. ಹಳೆಯ ಪ್ಲೇಯರು ಎಂದೋ ಗುಜರಿಗೆ ಹೋಗಿ, ಅದರ ರಿಮೋಟು ಮಾತ್ರ ಟಿವಿ ಸ್ಟ್ಯಾಂಡಿನ ಮೇಲೆ ನಿವೃತ್ತಿ ಜೀವನ ನಡೆಸುತ್ತಿದೆ. ಹೀಗಾಗಿ ಎಸ್.ಪಿ. ರೋಡಿಗೆ ಹೊರಟೆ. ಒಂದು ಕಾಲದಲ್ಲಿ ಅಲ್ಲಿ ಖಾಲಿ ಸಿಡಿಗಳನ್ನು ಪ್ಲಾಸ್ಟಿಕ್ ಕಡ್ಡಿಗೆ ಪೋಣಿಸಿ ಗೋಪುರ ಕಟ್ಟಿ ಮಾರುತ್ತಿದ್ದರು. ಈಗ ಕೇಳಿದರೆ, ಸತ್ತವರ ವಿಳಾಸ ವಿಚಾರಿಸಲು ಬಂದವನೆಂಬಂತೆ ಮುಖ ನೋಡುತ್ತಾರೆ. ಕೊನೆಗೆ ಒಬ್ಬ ಅಂಗಡಿಯವನು ಏಣಿ ಹತ್ತಿ, ಧೂಳು ಕೊಡವಿ, ಅಂಗೈಗಿಂತ ಕೊಂಚ ದೊಡ್ಡದಾದ ಕಪ್ಪು ಚೌಕವೊಂದನ್ನು ಇಳಿಸಿದ. ಯುಎಸ್‌ಬಿ ಡಿವಿಡಿ ಡ್ರೈವ್.

“ಟೆಸ್ಟ್ ಮಾಡಿ ಕೊಡಪ್ಪ” ಎಂದೆ.

“ಟೆಸ್ಟ್ ಮಾಡಕ್ಕೆ ಡಿಸ್ಕ್ ಬೇಕಲ್ಲ ಸಾರ್. ತಂದಿದೀರಾ?”

ಹುಡುಗನನ್ನು ಅಕ್ಕಪಕ್ಕದ ಅಂಗಡಿಗಳಿಗೆ ಅಟ್ಟಿದ. ಬೆಂಗಳೂರಿಗೆಲ್ಲ ಕಂಪ್ಯೂಟರ್ ಬಿಡಿಭಾಗ ಒದಗಿಸುವ ಆ ಬೀದಿಯನ್ನು ಸುತ್ತಿಬಂದ ಹುಡುಗ “ಯಾರ ಹತ್ರಾನೂ ಇಲ್ವಂತೆ ಅಣ್ಣ” ಎಂದ. ಅಂಗಡಿಯವನು ಡ್ರೈವನ್ನು ಸಿಕ್ಕಿಸಿ, ಟ್ರೇ ತೆಗೆದು, ಮುಚ್ಚಿ, ದೀಪ ಮಿನುಗಿದ್ದನ್ನು ತೋರಿಸಿ “ವರ್ಕಿಂಗ್ ಸಾರ್” ಎಂದು ಬಿಲ್ ಹರಿದ.

ಡಬ್ಬಿಯ ಮೇಲೆ 24ಎಕ್ಸ್, 8ಎಕ್ಸ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮೊದಲನೆಯದು ಸಿಡಿಗೆ, ಎರಡನೆಯದು ಡಿವಿಡಿಗೆ. ಸಿಡಿಯ ಒಂದು ಎಕ್ಸ್ ಎಂದರೆ ಸೆಕೆಂಡಿಗೆ 150 ಕಿಲೋಬೈಟ್. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿಯವರು ಸಂಗೀತಕ್ಕೆಂದು ಈ ತಟ್ಟೆಯನ್ನು ಮಾರುಕಟ್ಟೆಗೆ ಬಿಟ್ಟಾಗ ನಿಗದಿಯಾದ ನಡಿಗೆಯಿಂದ ಬಂದ ಲೆಕ್ಕ ಅದು. ಡಿವಿಡಿಯ ಒಂದು ಎಕ್ಸ್ ಅದರ ಒಂಬತ್ತರಷ್ಟು. ಇನ್ನು 24 ಎಂಬುದು ತಟ್ಟೆಯ ಹೊರ ಅಂಚಿನಲ್ಲಿ ಮಾತ್ರ ಸಿಗುವ ವೇಗ. ಸಿಡಿಯನ್ನು ಓದುವುದು ಒಳಗಿನಿಂದ ಹೊರಕ್ಕೆ. ತಿರುಗುವ ವೇಗ ಒಂದೇ ಇದ್ದರೂ ಒಳಸುತ್ತು ಚಿಕ್ಕದು, ಹೊರಸುತ್ತು ದೊಡ್ಡದು. ಹಾಗಾಗಿ ಶುರುವಿನಲ್ಲಿ ಹತ್ತರ ಆಸುಪಾಸಿನಲ್ಲಿ ಹೊರಟು, ತಟ್ಟೆ ಪೂರ್ತಿ ತುಂಬಿದ್ದರೆ ಮಾತ್ರ ಕೊನೆಯಲ್ಲಿ 24 ಮುಟ್ಟುತ್ತದೆ. ಆ ಸುರುಳಿ ಗೆರೆಯನ್ನು ಬಿಚ್ಚಿ ನೇರ ಹಾಸಿದರೆ ಐದು ಕಿಲೋಮೀಟರಿಗೂ ಮಿಕ್ಕುತ್ತದೆ. ಗಾಂಧಿಬಜಾರಿನಲ್ಲಿ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಮೆಜೆಸ್ಟಿಕ್ ದಾಟೀತು. ದಾರಿಯಲ್ಲಿ ಸಿಗ್ನಲ್ ಇಲ್ಲದ್ದರಿಂದ ಡ್ರೈವಿಗೆ ಇದು ಕೆಲವೇ ನಿಮಿಷದ ಕೆಲಸ.

ಮನೆಗೆ ತಂದು ಅಪ್ಪನ ಹಳೆಯ ಕಂಪ್ಯೂಟರಿನ ಮುಂಬದಿಯ ಕಿಂಡಿಗೆ ಚುಚ್ಚಿದರೆ ಅದು ಕಿರ್ರ್ ಎಂದು ಎದ್ದು, ಟಕ್ ಎಂದು ಕೂತಿತು. ಮತ್ತೆ ಕಿರ್ರ್, ಮತ್ತೆ ಟಕ್. ಹಳೆಯ ಯುಎಸ್‌ಬಿ ಕಿಂಡಿ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪ್. ತಟ್ಟೆಯನ್ನು ನಿಂತಲ್ಲಿಂದ ನಿಮಿಷಕ್ಕೆ ಐದು ಸಾವಿರ ಸುತ್ತಿನವರೆಗೆ ಎಬ್ಬಿಸುವ ಗಳಿಗೆಯಲ್ಲಿ ಇದಕ್ಕೆ ಅದಕ್ಕಿಂತ ಹೆಚ್ಚು ಬೇಕು. ಅದಕ್ಕೇ ಕೆಲವು ಡ್ರೈವ್‌ಗಳ ಜೊತೆ ಎರಡು ತಲೆಯ ಕೇಬಲ್ ಬರುತ್ತದೆ, ಎರಡು ಕಿಂಡಿಯಿಂದ ಒಟ್ಟಿಗೆ ಹೀರಲಿ ಎಂದು. ನೋಡುತ್ತ ಕೂತಿದ್ದ ಚಿಕ್ಕಪ್ಪ “ಕಾಫಿ ಕುಡೀದೆ ಎದ್ದೋನ ಹಾಗೆ ಆಡ್ತಿದೆ” ಎಂದರು. ಎರಡನೆಯ ತಲೆಯನ್ನೂ ಸಿಕ್ಕಿಸಿದ ಮೇಲೆ ಸದ್ದು ಏರಿ, ಸಮವಾಗಿ, ಮನೆಯೆಲ್ಲ ಸಣ್ಣಗೆ ಗುಂಯ್‌ಗುಟ್ಟಿತು.

ಈಗ ಪರೀಕ್ಷೆಗೆ ಬೇಕಾದದ್ದು, ಸರಿಯಾಗಿದೆ ಎಂದು ಮೊದಲೇ ಗೊತ್ತಿರುವ ಒಂದು ಸಿಡಿ. ತಟ್ಟೆ ಸರಿಯಿದೆಯೇ ಎಂದು ಡ್ರೈವ್ ಹೇಳಬೇಕು. ಡ್ರೈವ್ ಸರಿಯಿದೆಯೇ ಎಂದು ತಟ್ಟೆ ಹೇಳಬೇಕು. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿದರೆ ತೀರ್ಪು ಕೊಡುವವರಾರು? ಇದಕ್ಕೆ ಪರಿಹಾರ ಸಿಕ್ಕಿದ್ದು ಮಲ್ಲೇಶ್ವರದ ಅತ್ತೆಯ ಮನೆಯ ಬಾಲ್ಕನಿಯಲ್ಲಿ. ಪಾರಿವಾಳ ಹೆದರಲಿ ಎಂದು ಅವರು ಬಟ್ಟೆ ಒಣಹಾಕುವ ತಂತಿಗೆ ಒಂದು ಸಿಡಿ ನೇತುಹಾಕಿದ್ದರು. ಯಾವುದೋ ಕಾಲದಲ್ಲಿ ಇಂಟರ್ನೆಟ್ ಕಂಪನಿಯವರು ಬಿಟ್ಟಿ ಹಂಚಿದ್ದು. ಬಿಸಿಲು, ಮಳೆ, ಪಾರಿವಾಳಗಳ ಲಿಖಿತ ಅಭಿಪ್ರಾಯ ಎಲ್ಲವನ್ನೂ ಕಂಡ ಜೀವ. ತೊಳೆದು ಹಾಕಿದೆ. ವೇಗ ಅಳೆಯುವ ತಂತ್ರಾಂಶದ ಪರದೆಯ ಮೇಲೆ ಹಸಿರು ಗೆರೆಯೊಂದು ಎಡಗಡೆಯ ಕೆಳಮೂಲೆಯಲ್ಲಿ ಹುಟ್ಟಿ, ಎಲ್ಲಿಯೂ ತಡವರಿಸದೆ, ಓರೆಯಾಗಿ ಮೇಲೇರಿ ಬಲ ಅಂಚಿಗೆ ಮುಟ್ಟಿತು. ಡ್ರೈವ್ ಪಾಸು.

ಮುಂದಿನ ತಟ್ಟೆ ಒಂದು ಹಳೆಯ ಸಿನಿಮಾ ವಿಸಿಡಿ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಸಿನಿಮಾಗಳನ್ನು ಪೇಟೆಗೆ ಸುರಿದಾಗ ತರಕಾರಿ ಚೀಲದ ಜೊತೆಗೇ ಮನೆಗೆ ಬಂದದ್ದು. ಅದೂ ಸರಾಗ. ಅಡುಗೆ ಪುಸ್ತಕದ ಜೊತೆ ಬಿಟ್ಟಿ ಬಂದದ್ದು, ವಿಮೆ ಏಜೆಂಟರು ಕೊಟ್ಟುಹೋದದ್ದು, ಯಾರೂ ಒಮ್ಮೆಯೂ ತೆರೆಯದ ಪ್ರಿಂಟರಿನ ಸಿಡಿ, ಎಲ್ಲವೂ ಕಣ್ಣಿಗೊತ್ತಿಕೊಳ್ಳುವ ಹಾಗೆ ಓದಿದವು. ಅಷ್ಟು ಹೊತ್ತಿಗೆ ಎದುರು ಮನೆಯ ಹಿರಿಯರು ಇಣುಕಿ “ಏನು, ಸಿಡಿ ನೋಡ್ತಾ ಇದೀರಂತೆ? ಯಾವ ಮಂತ್ರೀದು?” ಎಂದರು. ಮಂತ್ರಿಯದಲ್ಲ, ವಿಮೆಯದು ಎಂದು ತಿಳಿದು ಬೇಸರದಿಂದಲೇ ಕೂತರು.

ಅಮ್ಮನ ಒತ್ತಾಯಕ್ಕೆ ಅಕ್ಕನ ಮದುವೆಯದು ಹಾಕಿದೆವು. ಮೊದಲು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿದ್ದು, ಆಮೇಲೆ ಮೂರು ಸಿಡಿಗಳಿಗೆ ಕತ್ತರಿಸಿ ತುಂಬಿಸಿದ ಮದುವೆ ಅದು. ಮೊದಲನೆಯದರಲ್ಲಿ ವರಪೂಜೆ ಚೆನ್ನಾಗಿಯೇ ನಡೆಯಿತು. ವಧೂವರರು ಹೃದಯದಾಕಾರದೊಳಗೆ ಸಿಕ್ಕಿಕೊಂಡು, ಗುಲಾಬಿ ಹೂಗಳ ಜೊತೆ ಗಿರಕಿ ಹೊಡೆಯುತ್ತ, ಎಂದೂ ಹೋಗದ ಸ್ವಿಟ್ಜರ್ಲೆಂಡಿನ ಬೆಟ್ಟದ ಮುಂದೆ ನಿಂತರು. ಎರಡನೆಯ ಸಿಡಿಯಲ್ಲಿ ಅಂತರಪಟ ಹಿಡಿದರು. ಮಂಗಳಾಷ್ಟಕ ಶುರುವಾಯಿತು. ಜೀರಿಗೆ ಬೆಲ್ಲ ಹಿಡಿದ ಭಾವನ ಕೈ ಮೇಲೇರಿತು. ಅಲ್ಲಿಗೆ ನಿಂತಿತು. ಭಾವನ ಮುಖ ಚೌಕ ಚೌಕವಾಗಿ ಒಡೆದು, ಒಂದು ಚೌಕದಲ್ಲಿ ಪುರೋಹಿತರ ಮೂಗು ಬಂದು ಸೇರಿತು. ಡ್ರೈವ್ ವೇಗ ತಗ್ಗಿಸಿತು, ಮತ್ತೆ ಪ್ರಯತ್ನಿಸಿತು, ಇನ್ನೂ ತಗ್ಗಿಸಿತು. ಹಸಿರು ಗೆರೆ ಪಾತಾಳಕ್ಕಿಳಿಯಿತು. ಇನ್ನೊಂದು ಸಲ ಹಾಕಿದರೆ ತಟ್ಟೆಯೇ ಇಲ್ಲ ಎಂದಿತು.

ಒರೆಸುವ ಉಪಚಾರ ಶುರುವಾಯಿತು. ಚಿಕ್ಕಪ್ಪ ಪಂಚೆಯ ತುದಿಯಿಂದ ಗುಂಡಗೆ ಒರೆಸಲು ಹೊರಟರು. ಹಾಗೆ ಮಾಡಬಾರದು, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಒರೆಸಬೇಕು. ಸಿಡಿಯಲ್ಲಿ ಮಾಹಿತಿಯ ಜೊತೆ ತಪ್ಪು ತಿದ್ದುವ ಲೆಕ್ಕವೂ ಹೆಣೆದುಕೊಂಡಿರುತ್ತದೆ. ಸುಮಾರು ಎರಡೂವರೆ ಮಿಲಿಮೀಟರ್ ಉದ್ದ ಪೂರಾ ಅಳಿಸಿದರೂ ಆ ಲೆಕ್ಕದಿಂದಲೇ ಇದ್ದದ್ದನ್ನು ಇದ್ದ ಹಾಗೆ ತುಂಬಿಕೊಳ್ಳುತ್ತದೆ. ಅಡ್ಡಗೀರು ಪ್ರತಿ ಸುತ್ತಿನಿಂದ ಚೂರು ಚೂರು ಮಾತ್ರ ಕದಿಯುತ್ತದೆ. ಗುಂಡಗಿನ ಗೀರು ಒಂದೇ ಸುತ್ತನ್ನು ಉದ್ದಕ್ಕೂ ನುಂಗಿಬಿಡುತ್ತದೆ. ಎದುರು ಮನೆಯವರು ಟೂತ್‌ಪೇಸ್ಟ್ ಹಚ್ಚಿ ಎಂದರು. ಅಮ್ಮ ದೇವರ ಮನೆಯ ಕಡೆ ನೋಡಿದರು. ಯಾವುದೂ ಫಲಿಸಲಿಲ್ಲ. ಮೂರನೆಯ ಸಿಡಿ ಹಾಕಿದರೆ ಊಟದ ಪಂಕ್ತಿ ಸೊಗಸಾಗಿ ಮೂಡಿತು. ಲೈಟಿನ ಝಳಕ್ಕೆ ಕಣ್ಣು ಕಿರಿದು ಮಾಡಿಕೊಂಡು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವ ಒಬ್ಬೊಬ್ಬರನ್ನೂ ಅಮ್ಮ ಗುರುತು ಹಿಡಿದು, ಯಾರು ಏನು ಉಡುಗೊರೆ ಕೊಟ್ಟರು, ಯಾರು ಕೊಡಲಿಲ್ಲ ಎಂಬ ವರದಿ ಒಪ್ಪಿಸಿದರು.

ಈ ಅನ್ಯಾಯಕ್ಕೆ ಕಾರಣವಿದೆ. ಜಾಹೀರಾತಿನದು, ಸಿನಿಮಾದ್ದು ಎಲ್ಲ ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಗಳು. ಪ್ಲಾಸ್ಟಿಕ್ಕಿನಲ್ಲೇ ಗುಳಿ ಬಿದ್ದಿರುತ್ತದೆ, ಮೇಲೆ ಅಲ್ಯೂಮಿನಿಯಂ ಲೇಪ. ಪಾರಿವಾಳಕ್ಕೂ ಬಿಸಿಲಿಗೂ ಅದು ಸುಲಭಕ್ಕೆ ಜಗ್ಗುವುದಿಲ್ಲ. ಸಾವಿರಗಟ್ಟಲೆ ಪ್ರತಿ ಬೇಕಾದಾಗ ಮಾತ್ರ ಅಚ್ಚು ಗಿಟ್ಟುತ್ತದೆ. ಮನೆಯ ಮದುವೆ, ಮುಂಜಿ, ಷಷ್ಟ್ಯಬ್ದಿ ಇವೆಲ್ಲ ಒಂದೋ ಎರಡೋ ಪ್ರತಿ. ಅವನ್ನು ಕಂಪ್ಯೂಟರಿನಲ್ಲಿ ಲೇಸರ್‌ನಿಂದ ಸುಟ್ಟದ್ದು, ಅಂದರೆ ಬಣ್ಣದ ಪದರವೊಂದರ ಮೇಲೆ ಕಲೆ ಮಾಡಿದ್ದು. ಅಟ್ಟದ ಬಿಸಿಗೆ ಬಣ್ಣ ಮಾಸಿದರೆ ಮುಹೂರ್ತವೂ ಮಾಸಿತು. ಯಾರಿಗೂ ಬೇಡದ್ದು ಅಜರಾಮರ, ಎಲ್ಲರಿಗೂ ಬೇಕಾದದ್ದು ಕ್ಷಣಭಂಗುರ ಎಂಬುದನ್ನು ವೇದಾಂತಿಗಳಿಗಿಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಎರಡೂವರೆ ಸಾವಿರದ ಈ ಡಬ್ಬಿ.

ಚಿಕ್ಕಪ್ಪನ ಸಂಗೀತ ಸಿಡಿಗಳದು ಇನ್ನೊಂದು ಕಥೆ. 1939ರಿಂದ ನಡೆದುಬಂದ ಚಾಮರಾಜಪೇಟೆಯ ರಾಮೋತ್ಸವಕ್ಕೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ವರ್ಷಾವಧಿ ಹಾಜರಿ ಹಾಕಿದವರು ಅವರು. ಕಛೇರಿಗಳ ಧ್ವನಿಮುದ್ರಣಗಳನ್ನು ರಸಿಕ ಮಿತ್ರರು ತಮ್ಮತಮ್ಮಲ್ಲೇ ಹಂಚಿಕೊಂಡದ್ದು ಒಂದು ಕಂತೆಯಿತ್ತು. ಬ್ಯಾಂಕಿನಿಂದ ನಿವೃತ್ತರಾದವರಲ್ಲವೇ, ಪ್ರತಿ ಸಿಡಿಯ ಬೆನ್ನ ಮೇಲೆ ಬಾಲ್ ಪೆನ್ನಿನಿಂದ ಗಾಯಕರು, ಪಕ್ಕವಾದ್ಯ, ರಾಗ, ತಾಳ, ಇಸವಿ ಎಲ್ಲ ಒತ್ತಿ ಒತ್ತಿ ಬರೆದಿದ್ದರು. ಜನ ಜೋಪಾನ ಮಾಡುವುದು ಹೊಳೆಯುವ ಕೆಳಮೈಯನ್ನು. ಅಲ್ಲಿ ಒಂದು ಮಿಲಿಮೀಟರಿಗೂ ದಪ್ಪದ ಪ್ಲಾಸ್ಟಿಕ್ ಕವಚವಿದೆ. ಸಿಡಿಯ ಪ್ರಾಣವಿರುವುದು ಬೆನ್ನಿನ ಕಡೆ, ತೆಳ್ಳನೆಯ ಅರಗಿನಂಥ ಲೇಪದ ಕೆಳಗೆ. ಬಾಲ್ ಪೆನ್ನಿನ ಮೊನೆ ನೇರ ಅಲ್ಲಿಗೇ ಇಳಿಯುತ್ತದೆ. ಹೀಗಾಗಿ ತೋಡಿ ಎಂದು ಬರೆದ ಕಡೆ ತೋಡಿ ಕೊಕ್ಕರಿಸಿತು, ತನಿಯಾವರ್ತನ ಎಂದು ಬರೆದ ಕಡೆ ಮೃದಂಗದವರು ಮಾಯವಾದರು. ಡ್ರೈವ್ ನಿರಾತಂಕವಾಗಿ ನುಡಿಸಿದ್ದು ಚಿಕ್ಕಪ್ಪ ಸೋಮಾರಿತನದಿಂದ ಏನೂ ಬರೆಯದೆ ಬಿಟ್ಟ ಸಿಡಿಗಳನ್ನು. ಅವುಗಳಲ್ಲಿ ಹಾಡುತ್ತಿರುವವರು ಯಾರು ಎಂದು ಅಪ್ಪ, ಚಿಕ್ಕಪ್ಪ, ಎದುರು ಮನೆಯವರು ರಾತ್ರಿ ಊಟದವರೆಗೂ ಜಗಳವಾಡಿದರು. ರಾಗ ಪೂರ್ವಿಕಲ್ಯಾಣಿಯೋ ಪಂತುವರಾಳಿಯೋ ಎಂಬ ಹಂತಕ್ಕೆ ಬಂದಾಗ ಅಮ್ಮ ಫ್ಯಾನ್ ಆರಿಸಿದರು.

ಸುದ್ದಿ ಹಬ್ಬಿತು. ಸಂಜೆ ವಾಕಿಂಗ್ ಬರುವವರ ಕೈಯಲ್ಲಿ ಬಟ್ಟೆ ಚೀಲದ ಜೊತೆ ಸಿಡಿ ಚೀಲವೂ ಕಾಣತೊಡಗಿತು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಅಪ್ರಕಟಿತ ಕಾದಂಬರಿಯ ಸಿಡಿ ತಂದರು. ಗೆರೆ ಲವಲೇಶವೂ ಅಲುಗದೆ ಕೊನೆ ಮುಟ್ಟಿತು, ತಪ್ಪು ಸೊನ್ನೆ. ಫೈಲು ತೆರೆದರೆ ಪುಟದ ತುಂಬ ಪೌಂಡಿನ ಗುರುತು, ಡಿಗ್ರಿಯ ಸೊನ್ನೆ, ತಲೆಗೆ ಟೋಪಿ ಹಾಕಿದ ಇಂಗ್ಲಿಷ್ ಎ. ಯೂನಿಕೋಡ್ ಬಳಕೆಗೆ ಬರುವ ಮುಂಚೆ, ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟು ಈ ಕಂಪ್ಯೂಟರಿನಲ್ಲಿ ಇರಲಿಲ್ಲ. ಮೇಷ್ಟ್ರು ಕನ್ನಡಕ ಏರಿಸಿ ಒಂದು ಪುಟ ನೋಡಿ “ಪ್ರಕಾಶಕರೂ ಇದನ್ನೇ ನೋಡಿರಬೇಕು” ಎಂದು ಸಮಾಧಾನಪಟ್ಟುಕೊಂಡರು. ಪರಿವರ್ತಕಕ್ಕೆ ಹಾಕಿ ಕನ್ನಡಕ್ಕೆ ತಿರುಗಿಸಿ ಕೊಟ್ಟ ಮೇಲೆ ಆ ಸಮಾಧಾನವೂ ಹೋಯಿತು.

ಮಲ್ಲೇಶ್ವರದಿಂದ ಅತ್ತೆ ಫೋನ್ ಮಾಡಿದರು. ಪಾರಿವಾಳಗಳು ವಾಪಸ್ ಬಂದಿವೆ, ಹಪ್ಪಳದ ಮೇಲೆಲ್ಲ ಓಡಾಡುತ್ತಿವೆ, ನನ್ನ ಸಿಡಿ ತಂದುಕೊಡು ಎಂದು. ಡ್ರೈವ್ ಪರೀಕ್ಷೆಗೆ ಇರುವ ಏಕೈಕ ಪ್ರಮಾಣಿತ ತಟ್ಟೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಬದಲಿಗೆ ಅಕ್ಕನ ಮದುವೆಯ ಎರಡನೆಯ ಸಿಡಿಯನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಾಗ ಅಮ್ಮ ನೋಡಿಬಿಟ್ಟರು.

“ಅದನ್ನ ಎಲ್ಲಿಗೆ ತಗೊಂಡ್ ಹೋಗ್ತಿದೀಯ?”

“ಅತ್ತೆ ಬಾಲ್ಕನಿಗಮ್ಮ. ಹೇಗೂ ಓದಲ್ವಲ್ಲ.”

“ಮುಹೂರ್ತದ ಸಿಡಿ ಕಣೋ ಅದು! ಬಿಸಿಲಿಗೆ ಕಟ್ಟಿದ್ರೆ ಹಾಳಾಗಲ್ವಾ?” ಎಂದು ಕೈಯಿಂದ ಕಿತ್ತುಕೊಂಡು, ಸೆರಗಿನಿಂದ ಗುಂಡಗೆ ಒರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.